ಎಸೆತಕ್ಕ ಎದುರಿಗಿದ್ದಾಗ

ಜೂನ್ 10, ಮಂಗಳವಾರ. ಬೆಳಗ್ಗೆ 5:10

ಮೂತ್ರದ ಚೀಲ ಖಾಲಿ ಮಾಡಿದೆ. ತಿಳಿ ಚಹಾದ ಬಣ್ಣ. ಹೀಗೇ ಇರಬೇಕು ಅಂತ ನರ್ಸ್ ಹೇಳಿದ್ದಳು. ಔಕುಸೊ ಬಾಯಿ ತೆರೆದುಕೊಂಡು ಮಲಗಿದ್ದಾನೆ. ಪ್ರಾಸ್ಟೇಟ್ ತೆಗೆಸಿಕೊಂಡ ಗಂಡಸು ಇಷ್ಟು ಜೋರಾಗಿ ಗೊರಕೆ ಹೊಡೆಯಬಹುದು ಅಂತ ಯಾವ ಡಾಕ್ಟರೂ ಎಚ್ಚರಿಸಿರಲಿಲ್ಲ.

ಆರಕ್ಕೆ ಶಿಫ್ಟ್. ಏರ್‌ಪೋರ್ಟ್ ಹೋಟೆಲಿನ ಲಾಂಡ್ರಿ, ಇವತ್ತು ಬರೀ ಟವೆಲ್ ಇರಲಿ ದೇವರೇ. ಹೊರಗೆ ಮಳೆ, ನಡುಚಳಿಗಾಲ. ಮಾಂಗೆರೆಯ ಜೂನ್ ತಿಂಗಳು ಅಂದರೆ ಒಗೆದದ್ದು ಒಣಗುವುದಿಲ್ಲ, ಒಣಗಿದ್ದು ಬೆಚ್ಚಗಿರುವುದಿಲ್ಲ.

ಎಂಟಕ್ಕೆ ಎಸೆತಕ್ಕ ಬರುತ್ತಾರೆ. ಔಕುಸೊನ ಅಕ್ಕ, ನನ್ನ ನಾದಿನಿ. ಮೂರು ಬೀದಿ ಆಚೆ ಮನೆ. ಗಂಡ ತೀರಿಕೊಂಡ ಮೇಲೆ, ಟೀಚರ್ ಕೆಲಸದಿಂದ ನಿವೃತ್ತಿ ಆದ ಮೇಲೆ, ಇಡೀ ಕುಟುಂಬದ ಆಸ್ಪತ್ರೆ ಖಾತೆ ಅವರದ್ದೇ. ಯಾರ ಹೆರಿಗೆ, ಯಾರ ಸಕ್ಕರೆ ಕಾಯಿಲೆ, ಯಾರ ಕಣ್ಣಿನ ಪೊರೆ — ಕೈಚೀಲ ಹಿಡಿದು ಡಾಕ್ಟರ ಮುಂದಿನ ಕುರ್ಚಿಯಲ್ಲಿ ಮೊದಲು ಕೂರುವವರು ಅವರು. ನಾವು ಪಕ್ಕದ ಕುರ್ಚಿ.

ಅವರು ಬರುವಷ್ಟರಲ್ಲಿ ಔಕುಸೊ ಎದ್ದು, ಲುಂಗಿಯಂಥ ಲಾವಾಲಾವಾವನ್ನು ಸೊಂಟಕ್ಕೆ ಸುತ್ತಿ, ಚೀಲ ಪೈಪ್ ಎಲ್ಲ ಅದರೊಳಗೆ ಮುಚ್ಚಿಕೊಂಡು ಪಾದ್ರಿಯ ಹಾಗೆ ಕೂತಿರುತ್ತಾನೆ. ನಮ್ಮ ದ್ವೀಪದ ಹಿರಿಯರು ಲಾವಾಲಾವಾ ಕಂಡುಹಿಡಿದದ್ದೇ ಈ ಆಪರೇಷನ್ನಿಗೆ ಅಂತ ನಿನ್ನೆ ಹೇಳಿದೆ. ನಕ್ಕ. ನಕ್ಕಿದ್ದಕ್ಕೆ ಹೊಲಿಗೆ ನೋವಾಗಿ ನನ್ನನ್ನೇ ಬೈದ.


ಜೂನ್ 18, ಬುಧವಾರ

ಪೈಪ್ ತೆಗೆದರು. ಇನ್ನು ಕೆಲವು ತಿಂಗಳು ಮೂತ್ರ ಸೋರುತ್ತದೆ, ಪ್ಯಾಡ್ ಹಾಕಿಕೊಳ್ಳಬೇಕು. ಇಬ್ಬರೂ ಅಂಗಡಿಗೆ ಹೋದೆವು. ಔಕುಸೊ ಬೇರೆ ಸಾಲಿನಲ್ಲಿ ನಿಂತು ಟ್ಯೂನಾ ಡಬ್ಬದ ಬೆಲೆ ನೋಡುತ್ತಿದ್ದ. ಗಂಡಸರ ಪ್ಯಾಡ್ ಹುಡುಕಿ ನಾನೇ ತಂದೆ. ಬಿಲ್ ಮಾಡುವಾಗಲೂ ಆ ಪ್ಯಾಕೆಟ್ಟಿನ ಪರಿಚಯವೇ ಇಲ್ಲದವನ ಹಾಗೆ ದೂರ ನಿಂತಿದ್ದ. ಮೂವತ್ತು ವರ್ಷ ಸಿಟಿ ಬಸ್ ಓಡಿಸಿ ಎಂಥೆಂಥ ಕುಡುಕರನ್ನು ಇಳಿಸಿದ ಮಹಾಶಯ.

ಮನೆಗೆ ಬಂದರೆ ಎಸೆತಕ್ಕ ಅಡುಗೆಮನೆಯಲ್ಲಿ. ಮರೆತು ಪ್ಯಾಕೆಟ್ ಮೇಜಿನ ಮೇಲೇ ಇಟ್ಟೆ. ನೋಡಿದರು. ನನ್ನದು ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ವಯಸ್ಸಿಗೇ ಹೀಗಾದರೆ ಮುಂದೆ ಹೇಗೆ ಲೂಪೆ, ನೀರು ಕಡಿಮೆ ಕುಡಿ ಅಂದರು. ಔಕುಸೊ ಕಿಟಕಿಯಲ್ಲಿ ವಿಮಾನ ಎಣಿಸುತ್ತಿದ್ದ.

ಇವರಿಬ್ಬರದ್ದು ಹೀಗೇ. ಟಿವಿಯಲ್ಲಿ ಯಾರಾದರೂ ಯಾರಿಗಾದರೂ ಮುತ್ತು ಕೊಡುವ ಹಾಗೆ ಕಂಡರೆ ಸಾಕು, ಔಕುಸೊ ಗೇಟ್ ಹಾಕಿದೆಯಾ ನೋಡಲು ಎದ್ದುಹೋಗುತ್ತಾನೆ, ಎಸೆತಕ್ಕನಿಗೆ ಒಲೆಯ ನೆನಪಾಗುತ್ತದೆ. ಅಕ್ಕ ತಮ್ಮ ಎದುರೆದುರು ಇದ್ದಾಗ ಸೊಂಟದಿಂದ ಕೆಳಗಿನ ಮೈ ಅಂತ ಒಂದು ಇದೆ ಅನ್ನುವುದನ್ನೇ ನಮ್ಮವರು ಮರೆಯುತ್ತಾರೆ. ಕಾಲು ಇದೆ, ಅದೂ ಮೊಣಕಾಲಿಂದ ಕೆಳಗೆ. ನಾನೂ ನನ್ನ ಅಣ್ಣನ ಮುಂದೆ ಹೀಗೇ ಬೆಳೆದವಳು, ತಕರಾರಿಲ್ಲ. ಆಪರೇಷನ್ ಎಲ್ಲಿಗೆ ಆಯಿತು ಅಂತ ಚರ್ಚಿನಲ್ಲಿ ಕೇಳಿದವರಿಗೆಲ್ಲ ಎಸೆತಕ್ಕ 'ಹೊಟ್ಟೆಯ ಹತ್ತಿರ' ಅಂದಿದ್ದಾರೆ.


ಜೂನ್ 29, ಭಾನುವಾರ

ಚರ್ಚಿಗೆ ಹೋದ. ಹಾಡಲಿಲ್ಲ, ಕೂತ. ಜೋರಾಗಿ ಹಾಡಿದರೆ ಸೋರುತ್ತದೆ ಅಂತ ಕಿವಿಯಲ್ಲಿ ಹೇಳಿದ. ನಗು ತಡೆಯಲು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ. ಪಾದ್ರಿಯ ಹೆಂಡತಿ ನಾನು ಅಳುತ್ತಿದ್ದೇನೆ ಅಂದುಕೊಂಡು ಆಮೇಲೆ ಬಂದು ತಬ್ಬಿಕೊಂಡರು.

ಊಟ ಎಸೆತಕ್ಕನ ಮನೆಯಲ್ಲಿ. ತೆಂಗಿನಹಾಲಲ್ಲಿ ಬೇಯಿಸಿದ ಕೆಸುವಿನೆಲೆ, ಕೆಸುವಿನ ಗೆಡ್ಡೆ, ಹಂದಿ, ಮೀನು, ಕೋಕೋ. ತಮ್ಮನ ತಟ್ಟೆಗೆ ತಾವೇ ಬಡಿಸಿದರು. ಅವನು ಅರವತ್ತೈದು ದಾಟಿದ್ದಾನೆ, ಮುಳ್ಳು ತೆಗೆದು ಮೀನು ಹಾಕುತ್ತಾರೆ.

ರಾತ್ರಿ ಮಲಗುವಾಗ ಅವನು ಸೂರು ನೋಡುತ್ತಾ, ಆ ವಿಷಯ ಇನ್ನು ಆಗದೇ ಇರಬಹುದು ಅಂತ ಡಾಕ್ಟರ್ ಹೇಳಿದರಲ್ಲ ಲೂಪೆ, ನಿನಗೆ ಬೇಜಾರಾ ಅಂದ. ಆಪರೇಷನ್ನಿಗೆ ಮುಂಚೆಯೂ ಕೇಳಿರಲಿಲ್ಲ, ಈಗ ಕೇಳಿದ. ನಾನು ನನ್ನ ತಣ್ಣನೆಯ ಎರಡು ಪಾದಗಳನ್ನು ಅವನ ಕಾಲಿನ ಮಧ್ಯೆ ತೂರಿಸಿದೆ. ಇವನ್ನ ಬೆಚ್ಚಗೆ ಮಾಡೋ ಕೆಲಸ ನಿಲ್ಲಿಸಿದ ದಿನ ಬೇರೆ ಗಂಡನ್ನ ನೋಡ್ಕೋತೀನಿ ಅಂದೆ. ಆಮೇಲೆ ಪಾದ ಉಜ್ಜತೊಡಗಿದ. ಇವನೆಂದರೆ ನನಗೆ ತುಂಬಾ ಇಷ್ಟ. ಇಲ್ಲಿ ಬರೆದರೆ ಯಾರೂ ಓದುವುದಿಲ್ಲವಲ್ಲ, ಬರೆದಿಡುತ್ತೇನೆ.


ಜುಲೈ 16, ಬುಧವಾರ

ರಕ್ತಪರೀಕ್ಷೆ ಬಂತು. ಕ್ಯಾನ್ಸರಿನ ನಂಬರ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಎಲ್ಲ ತೆಗೆದುಹಾಕಿದ್ದಾರೆ, ಏನೂ ಉಳಿದಿಲ್ಲ. ಎಸೆತಕ್ಕ ಡಾಕ್ಟರ ಎದುರೇ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಡಾಕ್ಟರೂ ತಲೆ ಬಗ್ಗಿಸಿದರು ಪಾಪ, ಹೊರಗೆ ಆರು ಜನ ಕಾಯುತ್ತಿದ್ದರು.

ಕಾರಿನಲ್ಲಿ ಔಕುಸೊ ಹಾಡಿದ. ಸೋರಿದರೆ ಸೋರಲಿ ಅಂತ ಹಾಡಿದ.


ಜುಲೈ 22, ಮಂಗಳವಾರ

ಔಕುಸೊನ ಬಲಗೈ ಮೇಲೆ ಅಂಗೈ ಅಗಲ ಕಪ್ಪುಗಟ್ಟಿದೆ. ಎಲ್ಲಿ ಹೊಡಕೊಂಡೆ ಅಂದರೆ ಎಲ್ಲೂ ಇಲ್ಲ ಅನ್ನುತ್ತಾನೆ. ಸಾಮಾನಿನ ಚೀಲ ಎತ್ತಿದ್ದನಂತೆ, ಅಷ್ಟೇ.


ಜುಲೈ 25, ಶುಕ್ರವಾರ

ಸ್ನಾನದ ಮನೆಯಲ್ಲಿ ಬೆನ್ನು ತಿಕ್ಕಲು ಹೋದವಳು ನೋಡಿದೆ. ಎಡತೊಡೆ ಒಳಗಡೆ ಪೂರ್ತಿ ನೇರಳೆ. ಕೆಳಗೂ... ಎಲ್ಲ ಬದನೆಕಾಯಿಯ ಹಾಗೆ.

ಆಪರೇಷನ್ ಆದಮೇಲೆ ಅಲ್ಲಿ ಕಪ್ಪಾಗುತ್ತದೆ, ಹೆದರಬೇಡಿ ಅಂತ ಡಾಕ್ಟರ್ ಹೇಳಿದ್ದರಲ್ಲ ಅಂದ ಔಕುಸೊ. ಹೇಳಿದ್ದರು. ಆದರೆ ಆ ಕಪ್ಪು ಜೂನಿನಲ್ಲೇ ಬಂದು ಹೋಗಿತ್ತು. ಇದು ಹೊಸದು. ನನಗೆ ಇದು ಸರಿ ಕಾಣಲಿಲ್ಲ ಅಂದೆ. ಅಕ್ಕನಿಗೆ ಹೇಳಬೇಡ ಅಂದ. ನಾನು ಡಾಕ್ಟರಿಗೆ ಹೇಳಬೇಕು ಅಂದದ್ದು, ಅಕ್ಕನಿಗಲ್ಲ ಅಂದೆ. ಎರಡೂ ಒಂದೇ ಅಂದ.

ಹೌದು. ಎರಡೂ ಒಂದೇ.


ಜುಲೈ 26, ಶನಿವಾರ

ಕಾಲು ಎಳೆದು ನಡೆಯುವುದು ಎಸೆತಕ್ಕನ ಕಣ್ಣಿಗೆ ಬಿತ್ತು. ಸೊಂಟ ಹಿಡಿದಿದೆ ಅಂತ ಔಕುಸೊ ಸುಳ್ಳು ಹೇಳಿದ. ಮಧ್ಯಾಹ್ನಕ್ಕೆ ತಫಾಲೆಯನ್ನು ಕರೆದುಕೊಂಡು ಬಂದರು. ತಫಾಲೆ ನಮ್ಮ ಚರ್ಚಿನವಳೇ, ಮೈ ನೀವುವವಳು. ಉಳುಕು, ಬಾಣಂತಿ, ಮಗುವಿನ ಹೊಟ್ಟೆನೋವು ಎಲ್ಲಕ್ಕೂ ಅವಳ ಕೈ. ನನ್ನ ಎರಡನೆಯ ಹೆರಿಗೆಯಲ್ಲಿ ನನ್ನನ್ನು ಎಬ್ಬಿಸಿ ನಡೆಸಿದ್ದೂ ಅವಳೇ.

ಎಸೆತಕ್ಕ ಹೊರಗೆ ಕೂತರು. ಒಳಗೆ ತಫಾಲೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಸೊಂಟದಿಂದ ತೊಡೆಯವರೆಗೆ ನೀವಿದಳು. ಕಪ್ಪು ನೋಡಿ, ಆಪರೇಷನ್ನಿನ ಕೆಟ್ಟ ರಕ್ತ ನಿಂತುಬಿಟ್ಟಿದೆ, ಓಡಿಸಬೇಕು ಅಂದಳು. ರಾತ್ರಿ ನೀನೂ ಹೀಗೇ ನೀವಬೇಕು ಅಂತ ನನ್ನ ಕೈ ಹಿಡಿದು ತೋರಿಸಿಕೊಟ್ಟಳು. ನೀವಿದೆ. ಹಾಯೆನಿಸುತ್ತದೆ ಅಂದ. ಹೆಬ್ಬೆರಳು ಒತ್ತಿ, ನಿಧಾನ, ಮೇಲಿಂದ ಕೆಳಗೆ.


ಜುಲೈ 29, ಮಂಗಳವಾರ

ತೊಡೆ ಊದಿದೆ. ಒಂದು ಕಾಲು ಇನ್ನೊಂದಕ್ಕಿಂತ ದಪ್ಪ. ಮುಟ್ಟಿದರೆ ಕಲ್ಲು. ಹಾಸಿಗೆಯ ಮೇಲೆ ರಕ್ತದ ಕಲೆ, ಮೂತ್ರದಲ್ಲಿ ಬಂದದ್ದು. ಶೀಟಿನ ಕಲೆ ನನ್ನ ಹೊಟ್ಟೆಪಾಡು, ನೋಡಿದರೆ ಗೊತ್ತಾಗುತ್ತದೆ. ಇದು ಹಳೆಯ ರಕ್ತ ಅಲ್ಲ. ತಣ್ಣೀರು, ಉಪ್ಪು. ಎಸೆತಕ್ಕ ಬರುವ ಮೊದಲು ತೊಳೆದುಹಾಕಿದೆ.

ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದೆ. ಎಲ್ಲ ಹೇಳಲು ಬಾಯಿ ತೆರೆದರೆ, ಮೊದಲು ಪೇಷಂಟ್ ಜೊತೆ ಮಾತಾಡಬೇಕಮ್ಮ ಅಂದಳು. ಫೋನ್ ಅವನ ಕೈಗೆ ಕೊಟ್ಟೆ. ಅದೇ ಹೊತ್ತಿಗೆ ಎಸೆತಕ್ಕ ಸೂಪಿನ ಪಾತ್ರೆ ಹಿಡಿದು ಒಳಗೆ. ಔಕುಸೊ ನೆಟ್ಟಗೆ ಕೂತು, ಎಲ್ಲ ತುಂಬಾ ಚೆನ್ನಾಗಿದೆ, ಥ್ಯಾಂಕ್ಯೂ, ದೇವರು ನಿಮಗೆ ಒಳ್ಳೆಯದು ಮಾಡಲಿ ಅಂತ ಫೋನ್ ಇಟ್ಟುಬಿಟ್ಟ.

ಪಾತ್ರೆ ಅವನ ತಲೆಯ ಮೇಲೆ ಸುರಿಯಬೇಕು ಅನಿಸಿತು. ಸೂಪ್ ತುಂಬಾ ಚೆನ್ನಾಗಿತ್ತು, ಅದಕ್ಕೇ ಬಿಟ್ಟೆ.


ಆಗಸ್ಟ್ 1, ಶುಕ್ರವಾರ

ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ತಪಾಸಣೆ. ಹಿಂದಿನ ದಿನವೇ ಔಕುಸೊನಿಂದ ಮಾತು ತೆಗೆದುಕೊಂಡಿದ್ದೆ, ಎಲ್ಲ ಹೇಳಬೇಕು ಅಂತ. ಅವನೂ ನನ್ನಿಂದ ಮಾತು ತೆಗೆದುಕೊಂಡ, ಅಕ್ಕ ಇದ್ದಾಗ ನಾನು ಬಾಯಿ ಬಿಡಬಾರದು ಅಂತ. ಹೇಳಿದರೆ ಅವನೇ ಹೇಳುತ್ತಾನಂತೆ.

ಎಸೆತಕ್ಕ ಮೊದಲ ಕುರ್ಚಿ. ಮಡಿಲಲ್ಲಿ ಕೈಚೀಲ, ನಮ್ಮ ಫೈಲ್. ಡಾಕ್ಟರ್ ಹೊಟ್ಟೆಯ ಹೊಲಿಗೆ ಮಾತ್ರ ನೋಡಿದರು, ಸರಿಯಾಗಿದೆ. ರಕ್ತ ಹೋಗುತ್ತಿದೆಯಾ? ಇಲ್ಲ ಡಾಕ್ಟರೇ. ಊತ, ನೋವು? ಇಲ್ಲ ಡಾಕ್ಟರೇ. ಮೂತ್ರ? ತುಂಬಾ ಚೆನ್ನಾಗಿದೆ ಡಾಕ್ಟರೇ. ಔಕುಸೊ ಗೋಡೆಯ ಮೇಲಿನ ಗಡಿಯಾರಕ್ಕೆ ಉತ್ತರ ಕೊಡುತ್ತಿದ್ದ. ನಾನು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಮಾತು ಕೊಟ್ಟಿದ್ದೆನಲ್ಲ.

ಹೊರಗೆ ಬಂದು ಎಸೆತಕ್ಕ ಸಂತೋಷದಿಂದ ಮೂವರಿಗೂ ಮಾಂಸದ ಪೈ ಕೊಡಿಸಿದರು. ನನ್ನದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.


ಆಗಸ್ಟ್ 4, ಸೋಮವಾರ

ಮೆಟ್ಟಿಲು ಹತ್ತುವಾಗ ನಿಂತ. ಮುಖ ಸುಣ್ಣ. ನಾಲಗೆ ಬಿಳಿ. ನಾಳೆ ಎಮರ್ಜೆನ್ಸಿಗೆ ಕರೆದುಕೊಂಡು ಹೋಗುತ್ತೇನೆ, ನಾವಿಬ್ಬರೇ ಅಂದೆ. ಅಕ್ಕನನ್ನು ಬಿಟ್ಟು ಹೇಗೆ ಅಂದ. ಅವರನ್ನು ಬಿಟ್ಟೇ, ಅವರಿದ್ದರೆ ನೀನು ಬಾಯಿ ಬಿಡುವುದಿಲ್ಲ ಅಂದೆ.

ಸಂಜೆ ಎಸೆತಕ್ಕನ ಮನೆಗೆ ಹೋದೆ. ಚರ್ಚಿನ ಮಕ್ಕಳ ಬಿಳಿ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದರು. ನಾನು ಈ ಮನೆಯ ಸೊಸೆ. ಅವರು ಮನೆಯ ಮಗಳು, ಅವರ ಮಾತು ಮೊದಲು. ಇದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಿಂತುಕೊಂಡೇ ಹೇಳಿದೆ.

"ಅಕ್ಕ, ನಾಳೆ ಆಸ್ಪತ್ರೆಗೆ ನೀವು ಬರೋದು ಬೇಡ. ನಾವಿಬ್ಬರೇ ಹೋಗಿಬರ್ತೀವಿ."

ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದರು.

"ಯಾವ ತಪ್ಪಿಗೆ ಬೇಡ ಆದೆ, ಅದಾದ್ರೂ ಹೇಳು."

ಏನು ಹೇಳಲಿ? ಕಾರಣ ಹೇಳಿದರೆ ಅವನು ಮುಚ್ಚಿಟ್ಟದ್ದೆಲ್ಲ ಅಕ್ಕನ ಮುಂದೆ ಬಿಚ್ಚಿದ ಹಾಗೆ. ಹೇಳದಿದ್ದರೆ ಇವರನ್ನು ಹೊಸಿಲಿಂದ ಹೊರಗೆ ಹಾಕಿದ ಹಾಗೆ. ತಪ್ಪೇನಿಲ್ಲ ಅಂದೆ. ತಪ್ಪಿಲ್ಲದೆ ಯಾರೂ ಯಾರನ್ನೂ ಬೇಡ ಅನ್ನಲ್ಲ ಅಂದರು. ಮತ್ತೆ ಇಸ್ತ್ರಿ ಶುರುಮಾಡಿದರು. ಚಹಾ ಕೊಡಲಿಲ್ಲ. ಈ ಮನೆಗೆ ಮದುವೆಯಾಗಿ ಬಂದಮೇಲೆ ಅವರ ಮನೆಯಿಂದ ಚಹಾ ಕುಡಿಯದೆ ಬಂದದ್ದು ಇದೇ ಮೊದಲು.


ಆಗಸ್ಟ್ 6, ಬುಧವಾರ. ಆಸ್ಪತ್ರೆ

ನಿನ್ನೆಯದು ಬರೆಯಬೇಕು. ಮಡಿಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಹೇಗಾದರೂ ಇರಲಿ.

ಬೆಳಗ್ಗೆ ಕಾರಿನ ಹತ್ತಿರ ಹೋದರೆ ಎಸೆತಕ್ಕ ಅಲ್ಲೇ. ಕೈಚೀಲ, ಫೈಲ್, ಚರ್ಚಿಗೆ ಹೋಗುವ ಕೋಟ್. ನನ್ನ ಮುಖ ನೋಡಲಿಲ್ಲ. ಮುಂದಿನ ಸೀಟಿನಲ್ಲಿ ಕೂತರು. ಔಕುಸೊ ಹಿಂದೆ ಕಾಲು ಚಾಚಿ ಮಲಗಿದ.

ಎಮರ್ಜೆನ್ಸಿಯಲ್ಲಿ ಪರದೆ ಎಳೆದ ಒಂದು ಮಂಚ. ಯುವ ಡಾಕ್ಟರ್, ಹುಡುಗಿ, ನಿದ್ದೆಗೆಟ್ಟ ಕಣ್ಣು. ಏನಾಗುತ್ತಿದೆ ಅಂತ ಕೇಳಿದಳು. ಸ್ವಲ್ಪ ಸುಸ್ತು ಅಂದ ಔಕುಸೊ. ಎಲ್ಲಾದರೂ ರಕ್ತಸ್ರಾವ? ಎಸೆತಕ್ಕ ಮಂಚದ ಪಕ್ಕದಲ್ಲೇ ಕೂತಿದ್ದರು. ಇಲ್ಲ ಅಂದ. ತುಟಿಯಲ್ಲಿ ಬಣ್ಣವಿಲ್ಲ, ಇಲ್ಲ ಅನ್ನುತ್ತಾನೆ.

ನಾನು ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಬಿಡಲಿಲ್ಲ. ಎದ್ದುಹೋಗಿ ಅವನ ಲಾವಾಲಾವಾ ಹಿಡಿದು ಸೊಂಟದವರೆಗೆ ಎತ್ತಿಬಿಟ್ಟೆ.

ಸೊಂಟದಿಂದ ಮೊಣಕಾಲವರೆಗೆ ಕಪ್ಪು. ಡಾಕ್ಟರ್ ಹುಡುಗಿ ಉಸಿರು ಎಳೆದುಕೊಂಡಳು. ಔಕುಸೊ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ, ಕಾಲಲ್ಲ, ಮುಖ. ಎಸೆತಕ್ಕ ಆಗಲೇ ತಿರುಗಿದ್ದರು. ಕುರ್ಚಿ ಸಮೇತ ಗೋಡೆಯ ಕಡೆ. ಹಾಗೇ ಗೋಡೆ ನೋಡುತ್ತಾ, ಶಾಲೆಯಲ್ಲಿ ಪಾಠ ಹೇಳುವ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದರು.

"ಡಾಕ್ಟರೇ, ನಾನು ಇಲ್ಲಿ ಇಲ್ಲ. ನೀವು ಅವನನ್ನ ಪೂರ್ತಿ ನೋಡಿ."

ಆಮೇಲೆ ಎದ್ದು, ಫೈಲನ್ನು ಹಿಂದಕ್ಕೆ ಚಾಚಿದರು. ನಾನು ತೆಗೆದುಕೊಳ್ಳುವವರೆಗೆ ಚಾಚಿಕೊಂಡೇ ಇದ್ದರು. ಪರದೆ ಸರಿಸಿ ಹೋದರು.

ನಾನು ಎಲ್ಲ ಹೇಳಿದೆ. ಜುಲೈ ತಿಂಗಳ ಕೈಯ ಕಲೆಯಿಂದ ಹಿಡಿದು, ಶೀಟ್, ಮೂತ್ರ, ಕೊಬ್ಬರಿ ಎಣ್ಣೆ, ಎಲ್ಲ. ನೀವಿದೆವು ಅಂದಾಗ ಹುಡುಗಿ ನನ್ನ ಕೈ ಮೇಲೆ ಕೈಯಿಟ್ಟು, ಇನ್ನು ಮುಟ್ಟಲೇಬೇಡಿ ಅಂದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.


ಆಗಸ್ಟ್ 8, ಶುಕ್ರವಾರ

ರಕ್ತದ ಡಾಕ್ಟರ್ ಬಂದರು. ಹಾರ್ಗ್ರೀವ್ ಅಂತ, ಎತ್ತರದ ಹೆಂಗಸು, ಮಂಚದ ಮೇಲೇ ಕೂತು ಮಾತಾಡುತ್ತಾರೆ.

ಎಲ್ಲರ ರಕ್ತದಲ್ಲೂ ಹೆಪ್ಪುಗಟ್ಟಿಸುವ ಒಂದು ವಸ್ತು ಇರುತ್ತದಂತೆ. ಔಕುಸೊನ ಮೈ ಅದನ್ನು ಶತ್ರು ಅಂದುಕೊಂಡು ತಾನೇ ಕೊಲ್ಲುತ್ತಿದೆ. ಹುಟ್ಟಿನಿಂದ ಬಂದದ್ದಲ್ಲ. ತುಂಬಾ ಅಪರೂಪ. ಆಪರೇಷನ್ ಆದಮೇಲೆ ಒಮ್ಮೊಮ್ಮೆ ಹೀಗೆ ಶುರುವಾಗುತ್ತದೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಯಾರ ತಪ್ಪೂ ಅಲ್ಲ ಅಂದರು. ಕ್ಯಾನ್ಸರ್ ಹೋಗಿದೆ. ಆದರೆ ಒಳಗೆಲ್ಲಾದರೂ ಜೋರಾಗಿ ರಕ್ತ ಸೋರಿದರೆ ಪ್ರಾಣಕ್ಕೇ ಅಪಾಯ. ಹೆಪ್ಪುಗಟ್ಟಿಸಲು ಗಂಟೆಗಂಟೆಗೆ ಇಂಜೆಕ್ಷನ್. ಮೈಯ ಜಗಳ ತಣಿಸಲು ಸ್ಟಿರಾಯ್ಡ್ ಮಾತ್ರೆ, ವಾರಕ್ಕೊಂದು ಡ್ರಿಪ್. ಇನ್ನೂ ಒಂದು ಹೇಳಿದರು. ಮೈಯಲ್ಲಿ ಎಲ್ಲಿ ಹೊಸ ಕಲೆ ಕಂಡರೂ, ಎಲ್ಲಿ ಒಂದು ಹನಿ ರಕ್ತ ಕಂಡರೂ ಆಗಲೇ ಹೇಳಬೇಕು. ನೀವು ಹೇಳದಿದ್ದರೆ ನನಗೆ ಗೊತ್ತಾಗುವ ದಾರಿಯೇ ಇಲ್ಲ ಅಂದರು.

ಪ್ಯಾಸೆಂಜರುಗಳೆಲ್ಲ ಸೇರಿ ಡ್ರೈವರನ್ನೇ ಬಸ್ಸಿಂದ ಇಳಿಸಿದ ಹಾಗಾಯ್ತಲ್ಲ ಡಾಕ್ಟರೇ ಅಂದ ಔಕುಸೊ. ಡಾಕ್ಟರ್ ನಕ್ಕರು. ನನ್ನ ಜೊತೆ ಮಾತ್ರ ಮಾತಿಲ್ಲ. ನಾನು ನೀರು ಕೊಟ್ಟರೆ ನರ್ಸ್ ಕಡೆ ನೋಡಿ ಥ್ಯಾಂಕ್ಸ್ ಅನ್ನುತ್ತಾನೆ.


ಆಗಸ್ಟ್ 10, ಭಾನುವಾರ

ಕೊನೆಗೆ ಬಾಯಿ ಬಿಟ್ಟ.

"ಅಕ್ಕನ ಮುಂದೆ ನನ್ನ ಬಟ್ಟೆ ಎತ್ತಿಬಿಟ್ಟೆ ನೀನು. ನಾನಿನ್ನು ಅವಳ ಮುಖ ಹೇಗೆ ನೋಡ್ಲಿ?"

"ಆ ಬಟ್ಟೆ ಇಷ್ಟು ವರ್ಷ ಒಗೆದಿದ್ದು ನಾನು. ಒಂದು ಸಲ ಎತ್ತೋ ಹಕ್ಕು ನನಗಿದೆ. ಸತ್ತಿದ್ರೆ ಅಕ್ಕನ ಮುಖ ಎಲ್ಲಿಂದ ನೋಡ್ತಿದ್ದೆ ಮುದುಕ?"

ಸ್ವಲ್ಪ ಹೊತ್ತಾದ ಮೇಲೆ ಅವನ ಕಣ್ಣು ಒದ್ದೆ. ಒರೆಸಿದೆ. ಒರೆಸಿಸಿಕೊಂಡ. ಮೂಗನ್ನು ಒತ್ತಿ ಒರೆಸಬೇಡ, ರಕ್ತ ಬರುತ್ತೆ ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಮಾಡಿದೆ.

ಎಸೆತಕ್ಕ ದಿನಾ ಬರುತ್ತಾರೆ. ಒಳಗೆ ಬರುವುದಿಲ್ಲ. ಕಾರಿಡಾರಿನ ಕುರ್ಚಿಯಲ್ಲಿ ಬೆಳಗ್ಗೆಯಿಂದ ಕೂತು ಹೆಣೆಯುತ್ತಾರೆ. ಊಟದ ಡಬ್ಬಿ ನರ್ಸ್ ಕೈಲಿ ಕಳಿಸುತ್ತಾರೆ. ನನ್ನನ್ನು ಕಂಡರೆ ಹೆಣಿಗೆ ಎಣಿಸುತ್ತಾರೆ.


ಆಗಸ್ಟ್ 13, ಬುಧವಾರ

ಸೊಂಟದೊಳಗೆ ರಕ್ತ. ನೋವಿನಿಂದ ಕೂಗಿದ. ಔಕುಸೊ ಕೂಗಿದ್ದು ನಾನು ಕೇಳಿಯೇ ಇರಲಿಲ್ಲ. ಮಂಚದ ಸುತ್ತ ಜನವೋ ಜನ. ನನ್ನನ್ನು ಹೊರಗೆ ಕಳಿಸಿದರು.

ಕಾರಿಡಾರಿನಲ್ಲಿ ನಾನು, ಎಸೆತಕ್ಕ. ಒಂದು ಕುರ್ಚಿ ಬಿಟ್ಟು ಕೂತೆ. ಒಳಗಿಂದ ಮತ್ತೆ ಕೂಗು. ಎಸೆತಕ್ಕ ಆ ಮಧ್ಯದ ಕುರ್ಚಿಗೆ ಸರಿದರು. ನನ್ನ ಕೈ ಹಿಡಿದರು. ಉಗುರು ನನ್ನ ಚರ್ಮಕ್ಕೆ ನೆಟ್ಟಿತು.

"ನಾನು ಬರೋದು ಬೇಡ ಅಂದಿದ್ದು ಇದಕ್ಕೇನಾ ಲೂಪೆ? ನಾನಿದ್ರೆ ಅವನು ಹೇಳಲ್ಲ ಅಂತ?"

ಹೂಂ ಅಂದೆ.

"ಪ್ರತಿ ಸಲ ನಾನಿದ್ದೆ," ಅಂದರು. "ಮುಂದಿನ ಕುರ್ಚೀಲಿ."

ಅವರು ಬೇಕೆಂದು ಮಾಡಿದ್ದಲ್ಲ, ನಾನೂ ಬೇಕೆಂದು ನೀವಿದ್ದಲ್ಲ. ಇಬ್ಬರೂ ಅವನನ್ನು ಚೆನ್ನಾಗಿ ನೋಡಿಕೊಳ್ಳುತ್ತಲೇ ಇಲ್ಲಿಗೆ ತಂದಿದ್ದೆವು. ತಲೆಯನ್ನು ಅವರ ಭುಜಕ್ಕೆ ಆನಿಸಿದೆ. ಕೊಬ್ಬರಿ ಎಣ್ಣೆ, ಇಸ್ತ್ರಿಯ ವಾಸನೆ.

ಸಂಜೆಗೆ ನಿಂತಿತು. ಎರಡು ಬಾಟಲಿ ರಕ್ತ ಕೊಟ್ಟರು. ಬದುಕಿದ್ದಾನೆ. ನಿದ್ದೆ ಮಾಡುತ್ತಿದ್ದಾನೆ.


ಆಗಸ್ಟ್ 17, ಭಾನುವಾರ

ನಮ್ಮ ಹೆಣ್ಣುಮಕ್ಕಳಿಬ್ಬರೂ ವೆಲ್ಲಿಂಗ್ಟನ್ನಿನಿಂದ ಬಂದರು, ಅಪ್ಪನ ಹತ್ತಿರ ಕೂತರು. ನನ್ನನ್ನು ಚರ್ಚಿಗೆ ಅಟ್ಟಿದರು.

ಪ್ರಾರ್ಥನೆಗೆ ಎಸೆತಕ್ಕ ಎದ್ದರು. ಇಡೀ ಚರ್ಚಿಗೆ ಕೇಳುವ ಹಾಗೆ, ನನ್ನ ತಮ್ಮನ ಮೈಯಲ್ಲಿ ನೀನು ಮಾಡಿದ ಎಲ್ಲ ಭಾಗಗಳಿಗಾಗಿ ಬೇಡುತ್ತೇನೆ ಕರ್ತನೇ, ನಾನು ಹೆಸರು ಹೇಳದೇ ಇರುವ ಭಾಗಗಳಿಗಾಗಿಯೂ, ಯಾವುದು ಅಂತ ನಿನಗೆ ಗೊತ್ತು ಅಂದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ತಫಾಲೆ ಜೋರಾಗಿ ಆಮೆನ್ ಅಂದಳು. ಆಮೇಲೆ ನನ್ನ ಹತ್ತಿರ ಬಂದು ತನ್ನ ಎರಡೂ ಕೈ ನನ್ನ ಮುಂದೆ ಹಿಡಿದು ಅತ್ತಳು. ಯಾರ ತಪ್ಪೂ ಅಲ್ಲ ಅಂತ ಡಾಕ್ಟರ್ ಹೇಳಿದ್ದನ್ನೇ ಹೇಳಿದೆ. ನನಗೂ ಅದನ್ನು ಇನ್ನೊಮ್ಮೆ ಕೇಳಬೇಕಿತ್ತು.

ಹೊರಗೆ ಬಂದು ಔಕುಸೊನಿಗೆ ಫೋನಿನಲ್ಲಿ ಹೇಳಿದೆ. ಎಷ್ಟು ನಕ್ಕನೆಂದರೆ ನರ್ಸ್ ಬಂದು ಏನಾಯಿತು ಅಂತ ಕೇಳಿದಳಂತೆ.


ಸೆಪ್ಟೆಂಬರ್ 1, ಸೋಮವಾರ

ಇಷ್ಟು ದಿನ ಬರೆಯಲು ಆಗಲಿಲ್ಲ. ಲಾಂಡ್ರಿ, ಆಸ್ಪತ್ರೆ, ಲಾಂಡ್ರಿ.

ಶನಿವಾರ ಮನೆಗೆ ಬಂದ. ಸ್ಟಿರಾಯ್ಡಿಗೆ ಮುಖ ಚಂದ್ರನಾಗಿದೆ. ಹಸಿವೋ ಹಸಿವು. ಬೆಳಗ್ಗೆ ನಾಲ್ಕಕ್ಕೆ ಎದ್ದು ನೂಡಲ್ಸ್ ಮಾಡಿಕೊಂಡ. ಡಬ್ಬದ ಮುಚ್ಚಳ ಸರಿಯಾಗಿ ಹಾಕಿಲ್ಲ ಅಂತ ನನ್ನ ಮೇಲೆ ಕೂಗಾಡಿದ, ಆಮೇಲೆ ಅದೇ ಮುಚ್ಚಳ ಹಿಡಿದುಕೊಂಡು ಅತ್ತ. ಇದನ್ನೆಲ್ಲ ಮಾತ್ರೆ ಮಾಡಿಸುತ್ತದೆ ಅಂತ ಡಾಕ್ಟರ್ ಹಾರ್ಗ್ರೀವ್ ಮೊದಲೇ ಹೇಳಿದ್ದರು. ಮೊದಲಿಂದಲೂ ಹೀಗೇ ಇದ್ದ ಅಂತ ನಾನು ಅವರಿಗೆ ಹೇಳಲಿಲ್ಲ.

ತೊಡೆ ಹಳದಿಗೆ ತಿರುಗಿದೆ. ದಿನಾ ಬೆಳಗ್ಗೆ ನಿಲ್ಲಿಸಿ ಹಿಂದೆ ಮುಂದೆ ನೋಡುತ್ತೇನೆ. ಮುಟ್ಟುವುದಿಲ್ಲ. ಕೈ ಹೋಗುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ಎಸೆತಕ್ಕ ಈಗ ಡಾಕ್ಟರ ಕೋಣೆಗೆ ಬರುವುದಿಲ್ಲ. ಬಾಗಿಲಲ್ಲಿ ಫೈಲ್ ನನ್ನ ಕೈಗೆ ಕೊಟ್ಟು ಹೊರಗೆ ಕೂರುತ್ತಾರೆ. ಒಳಗೆ ಔಕುಸೊ ಎಲ್ಲ ಹೇಳುತ್ತಾನೆ, ಹೇಳಬೇಕಾದ್ದಕ್ಕಿಂತ ಹೆಚ್ಚೇ. ಆದರೆ ಹೊರಗೆ ಬಂದು ಅಕ್ಕನ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಅವರೂ ಅಷ್ಟೇ. ಮನೆಗೆ ಬಂದರೆ ಅಡುಗೆಮನೆಯಿಂದಲೇ ಹೊರಟುಬಿಡುತ್ತಾರೆ. ಮೀನಿನ ಮುಳ್ಳು ಈಗ ನಾನು ತೆಗೆಯುತ್ತಿದ್ದೇನೆ. ಸರಿಯಾಗಿ ತೆಗೆಯಲು ಬರುವುದಿಲ್ಲವಂತೆ ನನಗೆ.


ಸೆಪ್ಟೆಂಬರ್ 9, ಮಂಗಳವಾರ

ಅಕ್ಕ ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾಳಾ ಅಂತ ಅವನು ನನ್ನನ್ನು ಕೇಳುತ್ತಾನೆ. ತಮ್ಮನಿಗೆ ನನ್ನಿಂದ ನಾಚಿಕೆ ಆಯ್ತಾ ಅಂತ ಅವರು ನನ್ನನ್ನು ಕೇಳುತ್ತಾರೆ. ನಡುವೆ ನಾನು. ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕು, ಆದರೆ ಒಬ್ಬನಿಗೆ ಪೆಟ್ಟಾಗಬಾರದು.

ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಾನೆ. ಶುಕ್ರವಾರ ಡಾಕ್ಟರ್ ಫೋನ್ ಮಾಡುತ್ತಾರೆ. ಹೆಪ್ಪುಗಟ್ಟಿಸುವ ವಸ್ತುವಿನ ನಂಬರ್ ಮಾಮೂಲಿನ ಅರ್ಧ ದಾಟಿದ್ದರೆ ಮಾತ್ರೆ ಕಡಿಮೆ ಮಾಡುತ್ತಾರೆ. ಇಲ್ಲದಿದ್ದರೆ ಮತ್ತೆ ಆಸ್ಪತ್ರೆ, ಮತ್ತೆ ಡ್ರಿಪ್.


ಸೆಪ್ಟೆಂಬರ್ 12, ಶುಕ್ರವಾರ. 10:20

ಹತ್ತರಿಂದ ಹನ್ನೊಂದರ ಒಳಗೆ ಅಂದಿದ್ದಾರೆ. ಫೋನ್ ಮೇಜಿನ ಮಧ್ಯೆ ಇದೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಾ ಕೂತಿದ್ದೇನೆ. ಔಕುಸೊ ಎದುರಿಗೆ, ಮೂರನೆಯ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾನೆ. ತಿನ್ನುತ್ತಿಲ್ಲ.

ಬೆಳಗ್ಗೆ ಮೂತ್ರ ನೋಡು ಅಂತ ಬಚ್ಚಲಿಂದ ನನ್ನನ್ನು ಕರೆದ. ನೋಡಿದೆ. ಗುಲಾಬಿ. ತೀರಾ ತೆಳು, ಆದರೆ ಗುಲಾಬಿ. ಇಬ್ಬರೂ ನಿಂತು ನೋಡಿದೆವು. ಬೀಟ್‌ರೂಟ್ ತಿಂದಿದ್ದೆಯಾ ಅಂದೆ. ಇಲ್ಲ ಅಂದ.

ಎಸೆತಕ್ಕ ಬಂದರು. ಕೆಸುವಿನ ಗೆಡ್ಡೆಯ ಚೀಲ. ಸಿಂಕಿನ ಹತ್ತಿರ ನಿಂತು ಸಿಪ್ಪೆ ತೆಗೆಯುತ್ತಿದ್ದಾರೆ. ಫೋನ್ ನೋಡಿದರು, ಗಡಿಯಾರ ನೋಡಿದರು, ಕೈ ಒರೆಸಿಕೊಂಡರು. ಹೊರಗೆ ಒಣಗಿದ ಬಟ್ಟೆ ತರುತ್ತೇನೆ ಅಂದರು. ಹೊರಗೆ ಮಳೆ. ಬಟ್ಟೆ ಇಲ್ಲ.

ಅವರು ಬಾಗಿಲ ಹತ್ತಿರ ಹೋದಾಗ ಔಕುಸೊ ಚಾಕು ಕೆಳಗಿಟ್ಟ.

"ಅಕ್ಕ. ಕೂತ್ಕೋ."

"ಡಾಕ್ಟ್ರು ಎಲ್ಲಾ ಕೇಳ್ತಾರಲ್ಲೋ."

"ಕೇಳ್ಲಿ. ನಾನು ಹೇಳ್ತೀನಿ. ನೀನು ಕೆಸು ಕಡೆ ನೋಡ್ತಾ ಇರು, ನಾನು ಬ್ರೆಡ್ ಕಡೆ ನೋಡ್ತೀನಿ. ಆದ್ರೆ ಹೋಗ್ಬೇಡ. ನೀನು ಹೊರಗೆ ಕೂತಿದ್ರೆ ನನಗೆ ಭಯ ಆಗುತ್ತೆ."

ಎಸೆತಕ್ಕ ಸ್ವಲ್ಪ ಹೊತ್ತು ಬಾಗಿಲ ಹಿಡಿ ಹಿಡಿದುಕೊಂಡೇ ನಿಂತರು. ವಾಪಸ್ ಬಂದರು. ನನ್ನ ಪಕ್ಕ, ಅವನಿಗೆ ಬೆನ್ನು ಕೊಡದೆ, ಎದುರಿಗೇ ಕೂತರು. ಒಂದು ಗೆಡ್ಡೆ, ಚಾಕು ಮಡಿಲಲ್ಲಿ. ಸಿಪ್ಪೆ ತೆಗೆದಾಗಿರುವ ಗೆಡ್ಡೆಯನ್ನೇ ಮತ್ತೆ ಕೆತ್ತುತ್ತಿದ್ದಾರೆ. ಕೆನ್ನೆ ಮೇಲೆ ನೀರು, ಒರೆಸುತ್ತಿಲ್ಲ.

ಫೋನ್.

ಔಕುಸೊನೇ ಎತ್ತಿದ. ಸ್ಪೀಕರಿಗೆ ಹಾಕಿದ. ಡಾಕ್ಟರ್ ಹಾರ್ಗ್ರೀವ್, ಗುಡ್ ಮಾರ್ನಿಂಗ್, ನಂಬರ್ ಹೇಳುವ ಮೊದಲು ಒಂದು ಪ್ರಶ್ನೆ, ಈ ವಾರ ಎಲ್ಲಾದರೂ ರಕ್ತ ಕಂಡಿತಾ ಅನ್ನುತ್ತಿದ್ದಾರೆ. ಎಸೆತಕ್ಕನ ಚಾಕು ನಿಂತಿತು. ಔಕುಸೊ ಗಂಟಲು ಸರಿಮಾಡಿಕೊಂಡ. ಬ್ರೆಡ್ ನೋಡುತ್ತಿಲ್ಲ, ಅಕ್ಕನನ್ನೇ ನೋಡುತ್ತಿದ್ದಾನೆ —

"ಹೌದು ಡಾಕ್ಟರೇ. ಇವತ್ತು ಬೆಳಗ್ಗೆ, ನನ್ನ ಮೂತ್ರದಲ್ಲಿ ರಕ್ತ ಕಂಡಿತು."